ಪಾಸ್‌ವರ್ಡ್ ಎಲ್ಲಿಟ್ಟಿದ್ದೀರಿ?

ಜಯನಗರ 4ನೇ ಬ್ಲಾಕ್‌ನ ಕಾಂಪ್ಲೆಕ್ಸ್ ಸುತ್ತಮುತ್ತ, ಬನಶಂಕರಿ ಬಸ್ ನಿಲ್ದಾಣದ ಆಸುಪಾಸು, ಬಿಟಿಎಂ ಲೇಔಟ್‌ನ ಪಿಜಿಗಳ ಕೆಳಗಿನ ಮಳಿಗೆಗಳು, ಎಲ್ಲಿ ನೋಡಿದರೂ ಮೊಬೈಲ್ ರಿಪೇರಿ ಅಂಗಡಿಗಳಿಗೆ ಬರವಿಲ್ಲ. ಡಿಸ್‌ಪ್ಲೇ ಒಡೆದ ಫೋನು ಕೊಟ್ಟರೆ ಅಂಗಡಿಯ ಹುಡುಗ ಒಂದು ಚೀಟಿ ಬರೆಯುತ್ತಾನೆ. ಹೆಸರು, ನಂಬರು, ಯಾವ ಮಾಡೆಲ್ಲು, ಏನು ತೊಂದರೆ, ಅಂದಾಜು ಎಷ್ಟಾಗುತ್ತದೆ, ಅಡ್ವಾನ್ಸ್ ಎಷ್ಟು ಕೊಟ್ಟಿರಿ. ಎಷ್ಟೋ ಅಂಗಡಿಗಳ ಚೀಟಿಯ ಮೂಲೆಯಲ್ಲಿ ಮೂರು ಸಾಲು ಒಂಬತ್ತು ಚುಕ್ಕೆ ಮೊದಲೇ ಅಚ್ಚಾಗಿರುತ್ತದೆ. ಗಿರಾಕಿ ಪೆನ್ನು ಇಸಿದುಕೊಂಡು ತನ್ನ ಪ್ಯಾಟರ್ನ್ ಗೆರೆಯನ್ನು ಆ ಚುಕ್ಕೆಗಳ ಮೇಲೆ ಎಳೆಯುತ್ತಾನೆ. ಎಲ್ಲಿಂದ ಶುರು ಎಂದು ತಿಳಿಯಲಿ ಅಂತ ಬಾಣದ ಗುರುತನ್ನೂ ಹಾಕುತ್ತಾನೆ. ಪಿನ್ ಇಟ್ಟವರಾದರೆ ಪಕ್ಕದಲ್ಲೇ ಅಂಕಿ ಬರೆಯುತ್ತಾರೆ. ಚೀಟಿಯನ್ನು ಫೋನಿನ ಬೆನ್ನಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ ಡ್ರಾಯರಿನಲ್ಲಿಡುತ್ತಾರೆ. ಸಂಜೆ ಬನ್ನಿ ಸಾರ್.

ಅಂಗಡಿಯವರ ಮೇಲೆ ಅನುಮಾನ ಹುಟ್ಟಿಸುವುದಕ್ಕೆ ಇದನ್ನು ಹೇಳುತ್ತಿಲ್ಲ. ಹೊಸ ಡಿಸ್‌ಪ್ಲೇ ಕೂರಿಸಿದ ಮೇಲೆ ಟಚ್, ಕ್ಯಾಮೆರಾ, ಸ್ಪೀಕರ್ ಎಲ್ಲ ಕೆಲಸ ಮಾಡುತ್ತಿವೆಯೇ ಎಂದು ಅವರು ನೋಡಲೇಬೇಕು. ಆದರೆ ಆ ಒಂಬತ್ತು ಚುಕ್ಕೆಯ ಹಿಂದೆ ಈಗ ಏನೇನಿದೆ ಎನ್ನುವುದನ್ನು ಒಂದು ಕ್ಷಣ ಯೋಚಿಸಿ. ಬ್ಯಾಂಕ್, ಪಿಎಫ್, ಆದಾಯ ತೆರಿಗೆ, ಬೆಸ್ಕಾಂ, ಕಾವೇರಿ ನೋಂದಣಿ, ಸೇವಾ ಸಿಂಧು, ಇ-ಖಾತಾ, ಡಿಜಿಲಾಕರ್, ರೈಲು ಟಿಕೆಟ್, ಮಕ್ಕಳ ಶಾಲೆಯ ಆ್ಯಪ್. ಒಂದು ಸಾಮಾನ್ಯ ಮನೆಗೆ ಲೆಕ್ಕ ಹಾಕಿದರೆ ಸಲೀಸಾಗಿ ಮೂವತ್ತು ನಲವತ್ತು ಖಾತೆ. ಇವೆಲ್ಲದರ ಪಾಸ್‌ವರ್ಡ್‌ಗಳನ್ನು ಜನ ಇಟ್ಟಿರುವುದೂ ಅದೇ ಫೋನಿನಲ್ಲಿ, ಅದೂ ಬಟಾಬಯಲಿನಲ್ಲಿ.

ಹಿರಿಯರು ಕಾಂಟ್ಯಾಕ್ಟ್ಸ್‌ನಲ್ಲಿ ‘ಎಟಿಎಂ ರಾಜು’ ಎಂದೊಂದು ಹೆಸರು ಸೇರಿಸಿ, ಫೋನ್ ನಂಬರಿನ ಕೊನೆಯ ನಾಲ್ಕಂಕಿಯಲ್ಲಿ ಪಿನ್ ಅಡಗಿಸಿರುತ್ತಾರೆ. ಕಳ್ಳರಿಗೆ ಈ ಉಪಾಯ ಹೊಸದಲ್ಲ. ನಡುವಯಸ್ಸಿನವರು ವಾಟ್ಸ್‌ಆ್ಯಪ್‌ನಲ್ಲಿ ತಮಗೆ ತಾವೇ ಮೆಸೇಜ್ ಕಳಿಸಿಕೊಂಡಿರುತ್ತಾರೆ, ಇಲ್ಲವೇ ನೋಟ್ಸ್‌ನಲ್ಲಿ ‘ಪಾಸ್‌ವರ್ಡ್ಸ್’ ಎಂಬ ಶೀರ್ಷಿಕೆ ಕೊಟ್ಟೇ ಬರೆದಿರುತ್ತಾರೆ. ಇನ್ನು ಡೈರಿಯ ಪುಟದ ಫೋಟೊ, ಪಾಸ್‌ಬುಕ್, ಡೆಬಿಟ್ ಕಾರ್ಡಿನ ಹಿಂದುಮುಂದು ಎಲ್ಲ ಗ್ಯಾಲರಿಯಲ್ಲಿ, ಮೊಮ್ಮಗನ ನಾಮಕರಣದ ಚಿತ್ರಗಳ ನಡುವೆ. ಮರೆತುಹೋಗಬಾರದೆಂಬ ಕಾಳಜಿಯಿಂದಲೇ ಮಾಡಿದ್ದು ಇದೆಲ್ಲ. ಆದರೆ ಫೋನ್ ಲಾಕ್ ತೆಗೆದ ಯಾರಿಗಾದರೂ ಇವು ಕಾಣುತ್ತವೆ. ಕಾಂಟ್ಯಾಕ್ಟ್ಸ್‌ಗೂ ಫೋಟೊಗಳಿಗೂ ಅನುಮತಿ ಪಡೆದ ಆ್ಯಪ್‌ಗಳಿಗೂ ಕಾಣುತ್ತವೆ. ಟಾರ್ಚ್ ಆ್ಯಪ್, ಕ್ಯಾಲೆಂಡರ್ ಆ್ಯಪ್ ಎಂದು ಹಾಕಿಕೊಂಡಾಗ ‘ಅಲೋ’ ಒತ್ತಿದ್ದನ್ನು ಯಾರು ನೆನಪಿಟ್ಟಿರುತ್ತಾರೆ? ಟ್ರಾಫಿಕ್ ದಂಡದ ಚಲನ್, ಮದುವೆಯ ಕರೆಯೋಲೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲುಗಳು ಕೂತೊಡನೆ ಕೇಳುವುದು ಎಸ್ಸೆಮ್ಮೆಸ್, ಕಾಂಟ್ಯಾಕ್ಟ್ಸ್ ಅನುಮತಿಯನ್ನೇ.

ಫೋನಿನಿಂದಾಚೆಗೆ ಇನ್ನೂ ದೊಡ್ಡದೊಂದು ಅಪಾಯವಿದೆ. ಅದಕ್ಕೆ ನಮ್ಮ ಊರಿನದೇ ಉದಾಹರಣೆ ಸಿಗುತ್ತದೆ. ಬೆಂಗಳೂರಿನ ಬಿಗ್‌ಬಾಸ್ಕೆಟ್ ಕಂಪನಿಯಿಂದ 2020ರ ಅಕ್ಟೋಬರ್‌ನಲ್ಲಿ ಸುಮಾರು 2 ಕೋಟಿ ಗ್ರಾಹಕರ ಮಾಹಿತಿ ಸೋರಿತು. ಕಂಪನಿ ಬೆಂಗಳೂರಿನ ಸೈಬರ್ ಪೊಲೀಸರಿಗೆ ದೂರು ಕೊಟ್ಟಿತು. ಮೊದಲು ಮಾರಾಟಕ್ಕಿದ್ದ ಆ ಕಡತ 2021ರ ಏಪ್ರಿಲ್‌ನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಹಿರಂಗವಾಯಿತು. ಹೆಸರು, ಇಮೇಲ್, ಫೋನ್ ನಂಬರ್, ಮನೆ ವಿಳಾಸ, ಹುಟ್ಟಿದ ದಿನಾಂಕ ಎಲ್ಲ ಅದರಲ್ಲಿತ್ತು. ಜೊತೆಗೆ ಪಾಸ್‌ವರ್ಡ್‌ಗಳೂ ಇದ್ದವು. ಅವು ಇದ್ದ ಹಾಗೇ ಇರದೆ ‘ಹ್ಯಾಶ್’ ಆಗಿದ್ದವು ಎನ್ನುವುದಷ್ಟೇ ಸಮಾಧಾನ.

ಹ್ಯಾಶ್ ಎಂದರೆ ಪಾಸ್‌ವರ್ಡನ್ನು ಒಂದು ಲೆಕ್ಕಕ್ಕೆ ಹಾಕಿ ಬಂದ ಉತ್ತರ. ಉತ್ತರದಿಂದ ಹಿಂದಕ್ಕೆ ಹೋಗಿ ಪಾಸ್‌ವರ್ಡ್ ತೆಗೆಯಲಾಗದು. ಆದರೆ ಕಳ್ಳ ಹಿಂದಕ್ಕೆ ಹೋಗಬೇಕಾಗಿಯೇ ಇಲ್ಲ. ಊಹೆ ಮಾಡಿ, ಅದೇ ಲೆಕ್ಕ ಹಾಕಿ, ಉತ್ತರ ತಾಳೆಯಾಯಿತೇ ಎಂದು ನೋಡಿದರಾಯಿತು. ಬಿಗ್‌ಬಾಸ್ಕೆಟ್‌ನಲ್ಲಿ ಬಳಕೆಯಾಗಿದ್ದ ಎಸ್‌ಎಚ್‌ಎ-1 ಬಹಳ ಬೇಗ ಮುಗಿಯುವ ಲೆಕ್ಕ. ಇಂದಿನ ಗ್ರಾಫಿಕ್ಸ್ ಕಾರ್ಡುಗಳು ಸೆಕೆಂಡಿಗೆ ಕೋಟಿಗಟ್ಟಲೆ ಊಹೆಗಳನ್ನು ಹೀಗೆ ಪರೀಕ್ಷಿಸಬಲ್ಲವು. ಹೆಸರಿನ ಮುಂದೆ 123, ಮಗಳ ಹುಟ್ಟಿದ ವರ್ಷ, ಮನೆದೇವರ ಹೆಸರಿನ ಜೊತೆ ಒಂದು ಅಟ್ ಚಿಹ್ನೆ, ಇವೆಲ್ಲ ಕ್ಷಣಗಳಲ್ಲಿ ಬೀಳುತ್ತವೆ. 2009ರ ಡಿಸೆಂಬರ್‌ನಲ್ಲಿ ಅಮೆರಿಕದ ರಾಕ್‌ಯೂ ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್‌ಗಳು ಹ್ಯಾಶ್ ಕೂಡ ಆಗದೆ ಸೋರಿದ್ದವು. ಅಂದಿನಿಂದ ಜಗತ್ತಿನ ಕಳ್ಳರಿಗೆಲ್ಲ ಆ ಪಟ್ಟಿಯೇ ಮೊದಲ ಪಾಠ. ನಮ್ಮ ದೇವರ ಹೆಸರುಗಳೂ ಅದರಲ್ಲಿವೆ.

ತರಕಾರಿ ತರಿಸುವ ಖಾತೆಯ ಪಾಸ್‌ವರ್ಡ್ ಹೋದರೆ ಹೋಯಿತು, ಬದನೆಕಾಯಿ ತಾನೇ, ಅನ್ನಬಹುದು. ಅದೇ ಪಾಸ್‌ವರ್ಡ್ ಜಿಮೇಲ್‌ಗೂ ಇದ್ದರೆ? ಕಳ್ಳರು ಸಿಕ್ಕ ಇಮೇಲ್-ಪಾಸ್‌ವರ್ಡ್ ಜೋಡಿಯನ್ನು ತಾವೇ ಕೂತು ಟೈಪ್ ಮಾಡುವುದಿಲ್ಲ. ಒಂದು ತಂತ್ರಾಂಶಕ್ಕೆ ಕೊಟ್ಟರೆ ಅದು ನೂರಾರು ಜಾಲತಾಣಗಳ ಬಾಗಿಲಲ್ಲಿ ಅದೇ ಜೋಡಿಯನ್ನು ಹಾಕಿ ನೋಡುತ್ತದೆ. ಮನೆ, ಅಂಗಡಿ, ಬೀರು, ಸ್ಕೂಟರು ಎಲ್ಲಕ್ಕೂ ಒಂದೇ ಬೀಗದ ಕೈ ಮಾಡಿಸಿಟ್ಟುಕೊಂಡರೆ ಏನಾಗುತ್ತದೋ ಅದೇ ಆಗುತ್ತದೆ. ಜಿಮೇಲ್ ಒಂದು ಸಿಕ್ಕರೆ ಸಾಕು, ಮಿಕ್ಕ ಖಾತೆಗಳಿಗೆ ‘ಪಾಸ್‌ವರ್ಡ್ ಮರೆತಿದ್ದೇನೆ’ ಒತ್ತಿ ಅಲ್ಲಿಗೇ ಲಿಂಕ್ ತರಿಸಿಕೊಳ್ಳಬಹುದು. ನಿಮ್ಮ ಇಮೇಲ್ ಇಂಥ ಸೋರಿಕೆಗಳಲ್ಲಿ ಸಿಕ್ಕಿಬಿದ್ದಿದೆಯೇ ಎಂದು ನೋಡಲು ‘ಹ್ಯಾವ್ ಐ ಬೀನ್ ಪೋನ್ಡ್’ ಎಂಬ ಉಚಿತ ತಾಣವಿದೆ. ಆಸ್ಟ್ರೇಲಿಯದ ಟ್ರಾಯ್ ಹಂಟ್ ಅದನ್ನು 2013ರಲ್ಲಿ ಶುರುಮಾಡಿದರು. ಬಿಗ್‌ಬಾಸ್ಕೆಟ್ ಸೋರಿಕೆಯೂ ಅಲ್ಲಿ ದಾಖಲಾಗಿದೆ. ದಕ್ಷಿಣ ಬೆಂಗಳೂರಿನ ಬಹಳ ಮನೆಗಳ ಇಮೇಲ್ ಅಲ್ಲಿ ಸಿಕ್ಕರೆ ಆಶ್ಚರ್ಯಪಡಬೇಕಿಲ್ಲ.

ಆದ್ದರಿಂದ ಕೆಲಸ ಇಷ್ಟೇ: ಒಂದೊಂದು ಖಾತೆಗೂ ಬೇರೆ ಬೇರೆ ಪಾಸ್‌ವರ್ಡ್ ಇರಬೇಕು, ಒಂದನ್ನು ನೋಡಿ ಇನ್ನೊಂದನ್ನು ಊಹಿಸುವಂತಿರಬಾರದು. ನಲವತ್ತು ಅಂಥವನ್ನು ನೆನಪಿಡುವುದು ಮನುಷ್ಯರಿಂದ ಆಗುವ ಕೆಲಸವಲ್ಲ. ಅದಕ್ಕೇ ಪಾಸ್‌ವರ್ಡ್ ಮ್ಯಾನೇಜರ್ ಎಂಬ ಆ್ಯಪ್ ಬೇಕು. ಅದು ತಾನೇ ಉದ್ದನೆಯ, ಅರ್ಥವಿಲ್ಲದ ಪಾಸ್‌ವರ್ಡ್ ಹುಟ್ಟಿಸುತ್ತದೆ, ಗೂಢಲಿಪಿಯಲ್ಲಿಡುತ್ತದೆ, ಬೇಕಾದಾಗ ತಾನೇ ತುಂಬುತ್ತದೆ. ನೀವು ನೆನಪಿಡಬೇಕಾದ್ದು ಅದನ್ನು ತೆರೆಯುವ ಒಂದು ಮಾಸ್ಟರ್ ಪಾಸ್‌ವರ್ಡ್ ಮಾತ್ರ.

ಆಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್‌ನದು ಒಳಗೇ ಇದೆ. ಐಫೋನಿನಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಬಂದ ಐಒಎಸ್ 18ರಿಂದ ‘ಪಾಸ್‌ವರ್ಡ್ಸ್’ ಎಂಬ ಪ್ರತ್ಯೇಕ ಆ್ಯಪ್ ಇದೆ. ಎರಡೂ ಉಚಿತ. ಮನೆಯಲ್ಲಿ ಒಬ್ಬರದು ಆಂಡ್ರಾಯ್ಡ್, ಒಬ್ಬರದು ಐಫೋನ್, ಕಚೇರಿಯಲ್ಲಿ ವಿಂಡೋಸ್ ಎನ್ನುವವರಿಗೆ ಬಿಟ್‌ವಾರ್ಡನ್ ಅನುಕೂಲ. ಅದರ ಮೂಲ ಸಂಕೇತ ಮುಕ್ತವಾಗಿದ್ದು ಯಾರು ಬೇಕಾದರೂ ಪರಿಶೀಲಿಸಬಹುದು. ಯಾವ ಕಂಪನಿಯ ಸರ್ವರ್ ಕೂಡ ಬೇಡ, ಕಡತ ನನ್ನ ಕೈಯಲ್ಲೇ ಇರಲಿ ಎನ್ನುವವರಿಗೆ ಕೀಪಾಸ್ ಇದೆ, ಆಂಡ್ರಾಯ್ಡ್‌ನಲ್ಲಿ ಅದರ ರೂಪ ಕೀಪಾಸ್‌ಡಿಎಕ್ಸ್. ಆದರೆ ಆ ಕಡತದ ಪ್ರತಿ ತೆಗೆದಿಡುವ ಹೊಣೆಯೂ ನಿಮ್ಮದೇ, ಫೋನು ಹೋದರೆ ಅದೂ ಹೋಯಿತು. ತಂತ್ರಜ್ಞಾನದಲ್ಲಿ ಆಸಕ್ತಿ ಇಲ್ಲದ ಹಿರಿಯರಿಗೆ ನನ್ನ ಸಲಹೆ ಫೋನಿನೊಂದಿಗೆ ಬಂದದ್ದನ್ನೇ ಬಳಸಿ ಎಂಬುದು. ಅತ್ಯುತ್ತಮವಾದದ್ದನ್ನು ಹುಡುಕುತ್ತ ಮುಂದೂಡುವುದಕ್ಕಿಂತ, ಕೈಯಲ್ಲಿರುವುದನ್ನು ಈ ವಾರ ಶುರುಮಾಡುವುದು ಎಷ್ಟೋ ಮೇಲು.

ಇದರಿಂದ ಇನ್ನೊಂದು ಉಪಕಾರವಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಬಿಲ್ ಕಟ್ಟಿಲ್ಲ, ಇವತ್ತು ರಾತ್ರಿ ಕರೆಂಟ್ ಕಟ್ ಮಾಡುತ್ತೇವೆ ಎಂಬ ಸುಳ್ಳು ಎಸ್ಸೆಮ್ಮೆಸ್‌ಗಳ ಬಗ್ಗೆ ಬೆಸ್ಕಾಂ 2022ರಲ್ಲಿ ಗ್ರಾಹಕರನ್ನು ಎಚ್ಚರಿಸಿತ್ತು. ಇಂಥ ಸಂದೇಶದ ಲಿಂಕ್ ಒತ್ತಿದಾಗ ತೆರೆಯುವ ಪುಟ ಅಸಲಿಯ ಹಾಗೇ ಕಾಣುವಂತೆ ಮಾಡುವುದು ಕಷ್ಟವಲ್ಲ. ವಿಳಾಸದಲ್ಲಿ ಒಂದಕ್ಷರ ಹೆಚ್ಚುಕಡಿಮೆ ಇದ್ದರೆ ಅವಸರದ ಕಣ್ಣಿಗೆ ಅದು ಬೀಳುವುದಿಲ್ಲ. ಪಾಸ್‌ವರ್ಡ್ ಮ್ಯಾನೇಜರ್ ಪುಟದ ಅಂದಚಂದ ನೋಡುವುದಿಲ್ಲ, ವಿಳಾಸ ಮಾತ್ರ ನೋಡುತ್ತದೆ. ವಿಳಾಸ ತಾಳೆಯಾಗದಿದ್ದರೆ ತುಂಬಲು ಮುಂದೆ ಬರುವುದೇ ಇಲ್ಲ. ಯಾವಾಗಲೂ ತುಂಬುತ್ತಿದ್ದದ್ದು ಇವತ್ತೇಕೆ ಸುಮ್ಮನಿದೆ ಎಂದು ಅನ್ನಿಸಿದರೆ, ಕಾಪಿ ಮಾಡಿ ಅಂಟಿಸಲು ಹೋಗದೆ ಅಲ್ಲೇ ನಿಲ್ಲಿ.

ಎಲ್ಲ ಒಂದೇ ಕಡೆ ಇಟ್ಟರೆ ಒಂದೇ ಸಲಕ್ಕೆ ಎಲ್ಲ ಹೋಗುವುದಿಲ್ಲವೇ? ನ್ಯಾಯವಾದ ಪ್ರಶ್ನೆ. ಇಂಥದೊಂದು ನಡೆದೂ ಇದೆ. ಲಾಸ್ಟ್‌ಪಾಸ್ ಎಂಬ ಹೆಸರಾಂತ ಕಂಪನಿಯಿಂದ 2022ರಲ್ಲಿ ಗ್ರಾಹಕರ ಪಾಸ್‌ವರ್ಡ್ ಕಡತಗಳ ಪ್ರತಿಗಳನ್ನೇ ಕಳ್ಳರು ಹೊತ್ತೊಯ್ದರು. ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿದ್ದವು, ಯಾವ ಯಾವ ತಾಣಗಳಲ್ಲಿ ಖಾತೆ ಇದೆ ಎಂಬ ವಿಳಾಸಗಳು ಮಾತ್ರ ಬಿಚ್ಚಿಟ್ಟಿದ್ದವು. ಮಾಸ್ಟರ್ ಪಾಸ್‌ವರ್ಡ್ ಗಟ್ಟಿ ಇದ್ದವರ ಕಡತ ಕಳ್ಳರ ಕೈಯಲ್ಲಿದ್ದರೂ ತೆರೆಯುವುದಿಲ್ಲ. ಚಿಕ್ಕದು, ಸುಲಭದ್ದು ಇಟ್ಟವರ ಕಡತವನ್ನು ಊಹೆಯ ಮೇಲೆ ಊಹೆ ಹಾಕಿ ಒಡೆಯಬಹುದು.

ಇಲ್ಲಿರುವ ಒಂದು ವ್ಯತ್ಯಾಸವನ್ನು ತಿಳಿದುಕೊಂಡರೆ ಮಿಕ್ಕದ್ದೆಲ್ಲ ಸುಲಭ. ಫೋನಿನ ಆರಂಕಿ ಪಿನ್‌ಗೆ ಸಾಧ್ಯವಿರುವುದು 10 ಲಕ್ಷ ಬಗೆ ಅಷ್ಟೇ, ಕಂಪ್ಯೂಟರಿಗೆ ಅದು ಏನೇನೂ ಅಲ್ಲ. ಆದರೂ ಫೋನಿಗೆ ಅದು ಸಾಕು. ಏಕೆಂದರೆ ಪಿನ್ ಪರೀಕ್ಷಿಸುವುದು ಫೋನಿನೊಳಗಿನ ಒಂದು ಪ್ರತ್ಯೇಕ ಭದ್ರ ಯಂತ್ರಾಂಶ. ಕೆಲವು ಸಲ ತಪ್ಪಾದೊಡನೆ ಅದು ಕಾಯಿಸತೊಡಗುತ್ತದೆ, ತಪ್ಪು ಹೆಚ್ಚಿದಂತೆ ಕಾಯುವ ಹೊತ್ತೂ ಹೆಚ್ಚುತ್ತದೆ. ಊಹಿಸುವವನಿಗೆ ಅವಕಾಶ ಎಷ್ಟು ಎಂಬುದನ್ನು ಫೋನೇ ನಿರ್ಧರಿಸುತ್ತದೆ. ಕದ್ದೊಯ್ದ ಕಡತಕ್ಕೆ ಇಂಥ ಕಾವಲುಗಾರನಿಲ್ಲ. ಕಳ್ಳ ತನ್ನ ಕಂಪ್ಯೂಟರಿನಲ್ಲಿ, ತನ್ನ ಪುರಸೊತ್ತಿನಲ್ಲಿ, ವರ್ಷಗಟ್ಟಲೆ ಪ್ರಯತ್ನಿಸಬಹುದು. ಆದ್ದರಿಂದ ಫೋನಿಗೆ ಆರಂಕಿ ಸಾಕು, ಮಾಸ್ಟರ್ ಪಾಸ್‌ವರ್ಡ್ ಉದ್ದ ಇರಲೇಬೇಕು. ಎರಡೂ ಒಂದೇ ಆಗಿರಲೇಬಾರದು. ಗೂಗಲ್, ಆಪಲ್ ಬಳಸುವವರು ಆ ಖಾತೆಯ ಪಾಸ್‌ವರ್ಡನ್ನೇ ಮಾಸ್ಟರ್ ಎಂದು ತಿಳಿಯಬೇಕು.

ಉದ್ದ ಎಂದರೆ ಚಿಹ್ನೆಗಳ ಗೋಜಲಲ್ಲ. ದೊಡ್ಡಕ್ಷರ ಒಂದು, ಅಂಕಿ ಒಂದು, ಚಿಹ್ನೆ ಒಂದು, ಮೂರು ತಿಂಗಳಿಗೊಮ್ಮೆ ಬದಲಾವಣೆ ಎಂಬ ನಿಯಮಗಳು ಜಗತ್ತಿನಲ್ಲೆಲ್ಲ ಹಬ್ಬಲು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2004ರಲ್ಲಿ ಹೊರಡಿಸಿದ ಕೈಪಿಡಿ ಕಾರಣ. ಅದನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ ಅದಕ್ಕಾಗಿ ವಿಷಾದಿಸಿದರು. ಅದೇ ವರ್ಷ ಸಂಸ್ಥೆಯೂ ಆ ನಿಯಮಗಳನ್ನು ಕೈಬಿಟ್ಟು, ಸೋರಿಕೆಯ ಸುಳಿವಿಲ್ಲದೆ ಸುಮ್ಮಸುಮ್ಮನೆ ಬದಲಿಸುವಂತೆ ಒತ್ತಾಯಿಸಬೇಡಿ ಎಂದಿತು. ನಮ್ಮ ಎಷ್ಟೋ ಕಚೇರಿಗಳಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ. ತೊಂಬತ್ತು ದಿನಕ್ಕೊಮ್ಮೆ ಬದಲಿಸಿ ಎಂದರೆ ಜನ 123 ಇದ್ದದ್ದನ್ನು 124 ಮಾಡುತ್ತಾರೆ, ಅಷ್ಟೇ.

ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದಗಳನ್ನು ಸಾಲಾಗಿ ಇಡುವುದು ಇದಕ್ಕಿಂತ ಒಳ್ಳೆಯ ದಾರಿ. ಆರ್ನಾಲ್ಡ್ ರೈನ್‌ಹೋಲ್ಡ್ ಎಂಬುವರು 1995ರಲ್ಲಿ ಇದಕ್ಕೊಂದು ಕ್ರಮ ಹಾಕಿಕೊಟ್ಟರು: 7,776 ಪದಗಳ ಪಟ್ಟಿ, ದಾಳ ಐದು ಸಲ ಉರುಳಿಸಿದರೆ ಒಂದು ಪದ. ಹೀಗೆ ಆರಿಸಿದ ನಾಲ್ಕು ಪದಗಳಿಗೇ 36 ಕೋಟಿ ಕೋಟಿಗೂ ಹೆಚ್ಚು ಬಗೆಗಳಿವೆ. ಐದನೆಯದು ಸೇರಿದರೆ ಅದರ 7,776 ಪಟ್ಟು. ಕನ್ನಡದಲ್ಲಿ ಮಾಡಲು ದಾಳವೂ ಬೇಡ. ಜಯನಗರದಲ್ಲೇ ಬಾಳಿದ ಜಿ. ವೆಂಕಟಸುಬ್ಬಯ್ಯನವರು ಪ್ರಧಾನ ಸಂಪಾದಕರಾಗಿದ್ದ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಗ್ರಂಥಾಲಯದಲ್ಲಿ ಸಿಗುತ್ತದೆ. ಮನೆಯಲ್ಲಿ ಚಿಕ್ಕ ನಿಘಂಟಿದ್ದರೂ ನಡೆದೀತು. ಕಣ್ಣು ಮುಚ್ಚಿ ಪುಟ ತೆರೆದು ಬೆರಳಿಟ್ಟಲ್ಲಿನ ಪದ ತೆಗೆದುಕೊಳ್ಳಿ. ಹುಣಸೆ, ಗರಗಸ, ಶನಿವಾರ, ಕೊಡೆ, ನೆಗಡಿ, ಹೀಗೆ ಐದು ಬಿದ್ದರೆ ಒಂದು ವಿಚಿತ್ರ ಚಿತ್ರ ಮನಸ್ಸಿನಲ್ಲಿ ಕೂರುತ್ತದೆ, ಮರೆಯುವುದಿಲ್ಲ. ಪತ್ರಿಕೆಯಲ್ಲಿ ಅಚ್ಚಾಯಿತಾದ್ದರಿಂದ ಈ ಐದನ್ನು ಯಾರೂ ಬಳಸಬಾರದು. ವಚನದ ಸಾಲು, ಸಿನಿಮಾ ಹಾಡಿನ ಪಲ್ಲವಿ, ಗಾದೆ ಇವೂ ಬೇಡ, ಒಂದು ಪದ ತಿಳಿದರೆ ಮುಂದಿನದು ತಾನಾಗಿ ಬರುತ್ತದೆ. ಇನ್ನೊಂದು ಕಿವಿಮಾತು: ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತೇವೆ. ದೀರ್ಘಕ್ಕೆ ಒಂದು ಎ ಹಾಕಿದಿರೋ ಎರಡೋ ಎಂಬುದನ್ನು ಮೊದಲ ದಿನವೇ ಕಾಗದದಲ್ಲಿ ಬರೆದಿಡಿ, ಇಲ್ಲವಾದರೆ ಪದ ನೆನಪಿದ್ದೂ ಬಾಗಿಲು ತೆರೆಯುವುದಿಲ್ಲ.

ಈಗ ಫೋನಿನ ಹೊರಮೈಗೆ ಬರೋಣ. ನಮ್ಮ ಕಡೆ ಫೋನಿನ ಕವರ್ ಬಿಚ್ಚಿ ನೋಡಿದರೆ ಹಿಂದೆ ಮೆಟ್ರೊ ಕಾರ್ಡು, ಮಡಿಸಿದ ಐನೂರರ ನೋಟು, ಒಂದು ಡೆಬಿಟ್ ಕಾರ್ಡು. ಯುಪಿಐಗೆ ಹೊಸ ಪಿನ್ ಹಾಕಲು ಬೇಕಾದ್ದೇನು? ಡೆಬಿಟ್ ಕಾರ್ಡಿನ ಕೊನೆಯ ಆರಂಕಿ, ಅವಧಿ ಮುಗಿಯುವ ತಿಂಗಳು-ವರ್ಷ, ಮತ್ತು ಫೋನಿಗೆ ಬರುವ ಒಟಿಪಿ. ಕೆಲವು ಬ್ಯಾಂಕುಗಳು ಎಟಿಎಂ ಪಿನ್ ಕೂಡ ಕೇಳುತ್ತವೆ. ಆರ್.ವಿ. ರಸ್ತೆ ಮೆಟ್ರೊ ನಿಲ್ದಾಣದಲ್ಲಿ ಹಸಿರು ಮಾರ್ಗದಿಂದ ಹಳದಿ ಮಾರ್ಗಕ್ಕೆ ಜನ ಬದಲಾಗುವ ನೂಕುನುಗ್ಗಲಿನಲ್ಲಿ ಆ ಫೋನು ಹೋಯಿತೆನ್ನಿ, ಒಂದೇ ಏಟಿಗೆ ಬೇಕಾದ್ದೆಲ್ಲ ಕಳ್ಳನ ಕೈ ಸೇರಿದ ಹಾಗೆ. ಕಾರ್ಡು ಪರ್ಸಿನಲ್ಲಿರಲಿ, ಗ್ಯಾಲರಿಯಲ್ಲಿ ಅದರ ಫೋಟೊ ಬೇಡ.

ಫೋನು ಲಾಕ್ ಆಗಿದೆಯಲ್ಲ ಎನ್ನುವವರು ಸಿಮ್ ಅನ್ನು ಮರೆಯುತ್ತಾರೆ. ಸಿಮ್ ಕಿತ್ತು ಬೇರೆ ಫೋನಿಗೆ ಹಾಕಿದರೆ ನಿಮ್ಮ ಒಟಿಪಿಗಳೆಲ್ಲ ಅಲ್ಲಿಗೆ ಬರುತ್ತವೆ. ಇದನ್ನು ತಡೆಯುವುದು ಸಿಮ್ ಪಿನ್. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಲಾಕ್ ಎಂದು ಹುಡುಕಿದರೆ ಸಿಗುತ್ತದೆ. ಕಂಪನಿ ಕೊಟ್ಟ ಮೊದಲ ಪಿನ್ ಯಾವುದೆಂದು ಗ್ರಾಹಕ ಸೇವೆಯಲ್ಲಿ ಕೇಳಿಕೊಂಡೇ ಕೈ ಹಾಕಿ. ಮೂರು ಸಲ ತಪ್ಪಾದರೆ ಸಿಮ್ ಬಂದ್ ಆಗಿ, ಅದನ್ನು ಬಿಡಿಸಲು ಪಿಯುಕೆ ಸಂಖ್ಯೆ ಬೇಕಾಗುತ್ತದೆ. ಫೋನ್ ಆಫ್ ಮಾಡಿ ಆನ್ ಮಾಡಿದಾಗ ನಾಲ್ಕಂಕಿ ಒತ್ತುವುದಷ್ಟೇ ಇದರಿಂದಾಗುವ ತೊಂದರೆ. ಇಷ್ಟು ಸುಲಭದ, ಇಷ್ಟು ಉಪಯುಕ್ತವಾದ ರಕ್ಷಣೆಯನ್ನು ನಮ್ಮ ಮೊಬೈಲ್ ಕಂಪನಿಗಳು ಸಿಮ್ ಕೊಡುವಾಗಲೇ ಏಕೆ ಹೇಳಿಕೊಡುವುದಿಲ್ಲ ಎಂಬುದು ನನ್ನ ದೂರು. ಲಾಕ್ ಆಗಿದ್ದಾಗಲೂ ಪರದೆಯ ಮೇಲೆ ಒಟಿಪಿ ಕಾಣುವಂತಿದ್ದರೆ ಅದನ್ನೂ ನಿಲ್ಲಿಸಿ.

ಪಿನ್ ಒತ್ತುವುದನ್ನು ಪಕ್ಕದಲ್ಲಿ ನಿಂತು ನೋಡಿಕೊಂಡು ಆಮೇಲೆ ಫೋನ್ ಎಗರಿಸುವ ಕಳ್ಳತನ ಅಮೆರಿಕದಲ್ಲಿ ಹೆಚ್ಚಾದ ಮೇಲೆ, ಆಪಲ್ 2024ರ ಜನವರಿಯಲ್ಲಿ ‘ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್’ ತಂದಿತು. ಮನೆ, ಕಚೇರಿಯಂಥ ಪರಿಚಿತ ಜಾಗದಿಂದ ಹೊರಗಿದ್ದಾಗ ಪಾಸ್‌ವರ್ಡ್ ಕಡತ ತೆರೆಯಲು ಪಿನ್ ಸಾಲದು, ಮುಖ ಅಥವಾ ಬೆರಳೇ ಬೇಕು. ಆಂಡ್ರಾಯ್ಡ್‌ನಲ್ಲೂ ಕೈಯಿಂದ ಕಸಿದು ಓಡಿದ್ದನ್ನು ಗುರುತಿಸಿ ಲಾಕ್ ಮಾಡುವ ಸೌಲಭ್ಯ ಬಂದಿದೆ. ರಿಪೇರಿಗೆ ಕೊಡುವಾಗ ಸ್ಯಾಮ್‌ಸಂಗ್‌ನಲ್ಲಿ ‘ಮೇಂಟೆನೆನ್ಸ್ ಮೋಡ್’, ಪಿಕ್ಸೆಲ್‌ನಲ್ಲಿ ‘ರಿಪೇರ್ ಮೋಡ್’ ಹಾಕಿದರೆ ಅಂಗಡಿಯವರಿಗೆ ಫೋನ್ ಪರೀಕ್ಷಿಸಲು ಸಿಗುತ್ತದೆ, ನಿಮ್ಮ ಫೋಟೊ, ಖಾತೆಗಳು ಕಾಣುವುದಿಲ್ಲ. ಚುಕ್ಕೆಗಳ ಮೇಲೆ ಗೆರೆ ಎಳೆಯುವ ಅಗತ್ಯವೇ ಬೀಳದು. ಪರದೆ ಪೂರಾ ಸತ್ತಿದ್ದರೆ ಇದು ಆಗುವುದಿಲ್ಲ, ಆಗ ಎದುರಿಗೇ ಕೂತು ಮಾಡಿಸಿಕೊಳ್ಳಿ.

ಈ ಎಚ್ಚರವೆಲ್ಲ ಫೋನು ನಿಮ್ಮದೇ ಆಗಿದ್ದಾಗ. 2024ರ ಕೊನೆಯಲ್ಲಿ ವೈಟ್‌ಫೀಲ್ಡ್ ಕಡೆಯ ಹಿರಿಯ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರಿಗೆ ಬ್ಯಾಂಕಿನವರ ಸೋಗಿನಲ್ಲಿ ಹೊಸ ಮೊಬೈಲೊಂದನ್ನೇ ಉಡುಗೊರೆಯಾಗಿ ಕಳಿಸಲಾಯಿತು. ಅದರೊಳಗೆ ಕಳ್ಳ ತಂತ್ರಾಂಶ ಮೊದಲೇ ಕೂತಿತ್ತು. ಹೇಳಿದ ಹಾಗೆ ಅದಕ್ಕೆ ಸಿಮ್ ಹಾಕಿದರು, 2.8 ಕೋಟಿ ರೂಪಾಯಿ ಹೋಯಿತು. ಫೋನೇ ಕಳ್ಳರದ್ದಾದಾಗ ಯಾವ ಮ್ಯಾನೇಜರೂ ಕಾಯಲಾರದು.

ನಾನು ಎಲ್ಲಕ್ಕಿಂತ ಹೆಚ್ಚು ಯೋಚಿಸಿರುವುದು ಜೆ.ಪಿ. ನಗರ, ಬನಶಂಕರಿಯ ಮನೆಗಳಲ್ಲಿ ಇಬ್ಬರೇ ಇರುವ ತಂದೆತಾಯಿಗಳ ಬಗ್ಗೆ. ಮಕ್ಕಳು ಡಲ್ಲಾಸಿನಲ್ಲೋ ಡಬ್ಲಿನ್‌ನಲ್ಲೋ ಇದ್ದುಕೊಂಡು ಇಲ್ಲಿನ ಮನೆ ಕಂದಾಯ, ವಿಮೆ, ಗ್ಯಾಸು ಎಲ್ಲ ನಿಭಾಯಿಸುತ್ತಾರೆ. ‘ಅಮ್ಮಾ, ಈಗೊಂದು ಒಟಿಪಿ ಬರುತ್ತೆ, ಓದಿ ಹೇಳಮ್ಮ.’ ‘ತಾಳಪ್ಪ, ಕನ್ನಡಕ ಹಾಕ್ಕೋತೀನಿ.’ ತಿಂಗಳಿಗೆ ಹತ್ತು ಸಲ ನಡೆಯುವ ಮಾತು ಇದು. ಯಾರಿಗೂ ಒಟಿಪಿ ಹೇಳಬೇಡಿ ಎಂದು ಬ್ಯಾಂಕು ಎಷ್ಟೇ ಸಾರಲಿ, ಫೋನಿನಲ್ಲಿ ಕೇಳಿದೊಡನೆ ಒಟಿಪಿ ಓದಿ ಹೇಳುವ ಅಭ್ಯಾಸವನ್ನು ಆ ತಾಯಿಗೆ ಮಾಡಿಸಿರುವುದು ನಾವೇ. ನಾಳೆ ಮಗನ ಧ್ವನಿಯಷ್ಟೇ ನಯವಾಗಿ ಇನ್ನೊಬ್ಬ ಕೇಳಿದರೆ ಆಕೆ ಕನ್ನಡಕ ಹುಡುಕುತ್ತಾಳೆ. ಪಾಸ್‌ವರ್ಡ್‌ಗಳ ಮಟ್ಟಿಗೆ ಇದಕ್ಕೆ ಪರಿಹಾರವಿದೆ: ಗೂಗಲ್, ಆಪಲ್, ಬಿಟ್‌ವಾರ್ಡನ್ ಮೂರರಲ್ಲೂ ಮನೆಯವರ ನಡುವೆ ಹಂಚಿಕೊಳ್ಳುವ ವ್ಯವಸ್ಥೆ ಇರುವುದರಿಂದ ಕೇಳಿ ಹೇಳುವ ಪ್ರಮೇಯವೇ ಬರುವುದಿಲ್ಲ. ಒಟಿಪಿಗೆ ಮನೆಯಲ್ಲೊಂದು ಕಟ್ಟಳೆ ಇರಲಿ: ಅಪ್ಪ ಅಮ್ಮ ತಾವಾಗಿ ಮಗನ ನಂಬರಿಗೆ ಮಾಡಿದ ಕರೆಯಲ್ಲಿ ಮಾತ್ರ ಹೇಳುವುದು. ಬಂದ ಕರೆ ಯಾರದೇ ಆಗಿರಲಿ, ಇಟ್ಟು ತಿರುಗಿ ಮಾಡುವುದು.

ಇದರಲ್ಲಿ ಕಾನೂನಿನ ತೂಕವೂ ಇದೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲ ಗ್ರಾಹಕರದೂ ಅಲ್ಲ ಎಂದಾದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರಿಗೆ ನಷ್ಟವಿಲ್ಲ. ನಾಲ್ಕರಿಂದ ಏಳು ದಿನವಾದರೆ ಮಿತಿಯೊಳಗಿನ ನಷ್ಟ. ಆದರೆ ಗ್ರಾಹಕರೇ ಪಿನ್, ಪಾಸ್‌ವರ್ಡ್ ಹೇಳಿಬಿಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಅವರದೇ. ತಿಳಿಸಿದ ಗಳಿಗೆಯ ನಂತರ ಹೋದದ್ದು ಬ್ಯಾಂಕಿನ ತಲೆಗೆ. ನಾಚಿಕೊಂಡು ಮನೆಯವರಿಂದ ಮುಚ್ಚಿಡುವ ಒಂದೊಂದು ಗಂಟೆಗೂ ಬೆಲೆ ಇದೆ ಎಂದರ್ಥ. ಎಟಿಎಂ ಪಿನ್, ಯುಪಿಐ ಪಿನ್ ಎರಡನ್ನು ಮಾತ್ರ ಎಲ್ಲೂ ಬರೆಯದೆ ತಲೆಯಲ್ಲೇ ಇಟ್ಟುಕೊಳ್ಳಿ ಎನ್ನುವುದು ಇದೇ ಕಾರಣಕ್ಕೆ.

ಬೆರಳಚ್ಚು ಇದೆಯಲ್ಲ, ಪಾಸ್‌ವರ್ಡ್ ಯಾಕೆ ಎಂದು ಕೇಳುವವರಿದ್ದಾರೆ. 2023ರಲ್ಲಿ ನಮ್ಮ ರಾಜ್ಯದಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಆಧಾರ್ ಆಧಾರಿತ ಪಾವತಿಯ ಮೂಲಕ ಹಣ ಹೋಯಿತು. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು, ಆಧಾರ್ ಸಂಖ್ಯೆಗಳೇ ಕಳ್ಳರಿಗೆ ಸಾಮಗ್ರಿಯಾಗಿದ್ದವು. ಸೋರಿದ ಪಾಸ್‌ವರ್ಡ್ ಬದಲಿಸಬಹುದು, ಬೆರಳನ್ನು ಬದಲಿಸಲಾಗದು. ಫೋನ್ ತೆರೆಯಲು ಬೆರಳು ಬಳಸುವುದರಲ್ಲಿ ತೊಂದರೆ ಇಲ್ಲ, ಅದರ ದಾಖಲೆ ಫೋನಿನಾಚೆ ಹೋಗುವುದಿಲ್ಲ. ಆಧಾರ್‌ನ ಬಯೋಮೆಟ್ರಿಕ್ ಮಾತ್ರ ಅದರ ಅಧಿಕೃತ ಆ್ಯಪ್‌ನಲ್ಲಿ ಲಾಕ್ ಮಾಡಿಡಿ. ಇನ್ನು ಪೊಲೀಸರು ಫೋನಿನ ಪಾಸ್‌ವರ್ಡ್ ಕೇಳಿದರೆ? 2021ರ ಮಾರ್ಚ್‌ನಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು, ತನಿಖಾಧಿಕಾರಿ ತಾನೇ ಬಲವಂತ ಮಾಡುವಂತಿಲ್ಲ, ನ್ಯಾಯಾಲಯದ ಮೂಲಕ ಹೋಗಬೇಕು ಎಂದು ತೀರ್ಪಿತ್ತರು.

ಕೊನೆಗೆ ಕಾಗದದ ಮಾತು. ಫೋನು ಕಳೆದಾಗ ಬೇರೊಂದರಿಂದ ಗೂಗಲ್ ಖಾತೆಗೆ ಹೋಗಿ ಅಳಿಸೋಣವೆಂದರೆ, ಅದು ದೃಢೀಕರಣ ಕೇಳುವುದು ಕಳೆದುಹೋದ ಫೋನಿನಲ್ಲೇ. ಇದಕ್ಕೆಂದೇ ಗೂಗಲ್ ಹತ್ತು ಬ್ಯಾಕಪ್ ಕೋಡ್‌ಗಳನ್ನು ಕೊಡುತ್ತದೆ, ಒಂದೊಂದು ಒಂದೇ ಸಲಕ್ಕೆ. ಅವನ್ನು ಬರೆದ ಹಾಳೆಯಲ್ಲೇ ಮಾಸ್ಟರ್ ಪಾಸ್‌ವರ್ಡ್, ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ, ಬ್ಯಾಂಕಿನ ಸಹಾಯವಾಣಿ ನಂಬರು ಬರೆದು ಬೀರುವಿನಲ್ಲಿ ಮನೆಪತ್ರಗಳ ಜೊತೆ ಇಡಿ. ಐಎಂಇಐ ತಿಳಿಯಲು ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿದರೆ ಸಾಕು. ಬರೆದಿಡಬಾರದು ಎಂಬ ಹಳೆಯ ಮಾತು ಕಚೇರಿಯ ಮೇಜಿಗೆ ಸರಿ. ಮನೆಯ ಬೀರುವಿಗೆ ಕೈ ಹಾಕಲಾಗದ ದೂರದ ಕಳ್ಳನೇ ಇಲ್ಲಿ ನಮ್ಮ ಶತ್ರು. ಫೋನು ಹೋದ ದಿನ ಮೊದಲು ಬ್ಯಾಂಕು, ಆಮೇಲೆ ಸಿಮ್, ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930. ಪೊಲೀಸ್ ದೂರಿನ ಪ್ರತಿ ಸಿಕ್ಕ ಮೇಲೆ ಕೇಂದ್ರ ಸರ್ಕಾರದ ಸಿಇಐಆರ್ ತಾಣದಲ್ಲಿ ಐಎಂಇಐ ಬ್ಲಾಕ್ ಮಾಡಿಸಿದರೆ ದೇಶದ ಯಾವ ನೆಟ್‌ವರ್ಕಿನಲ್ಲೂ ಆ ಫೋನ್ ಓಡದು.

ಆ ಹಾಳೆ ಎಲ್ಲಿದೆ ಎಂದು ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿ. ನಮ್ಮ ಕಾಲಾನಂತರ ಖಾತೆ ಯಾರಿಗೆ ಸಿಗಬೇಕೆಂದು ಹೇಳಿಡಲು ಗೂಗಲ್‌ನಲ್ಲಿ ‘ಇನಾಕ್ಟಿವ್ ಅಕೌಂಟ್ ಮ್ಯಾನೇಜರ್’, ಆಪಲ್‌ನಲ್ಲಿ ‘ಲೆಗಸಿ ಕಾಂಟ್ಯಾಕ್ಟ್’ ಇವೆ. ಫೋಟೊ, ಮೇಲ್‌ಗಳಿಗೆ ಅದು ಸಾಕು. ಬ್ಯಾಂಕಿನ ಹಣಕ್ಕೆ ಇದು ದಾರಿಯಲ್ಲ. ತೀರಿಕೊಂಡವರ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಬಳಸಿ ಮಕ್ಕಳು ಹಣ ತೆಗೆದರೆ ಆಮೇಲೆ ಉಳಿದ ವಾರಸುದಾರರ ನಡುವೆ ತಕರಾರಿಗೆ ಅದೇ ಮೂಲ. ಅಲ್ಲಿ ಬೇಕಾದ್ದು ನಾಮಿನಿ ಹೆಸರು. 2025ರ ನವೆಂಬರ್ 1ರಿಂದ ಒಂದು ಠೇವಣಿ ಖಾತೆಗೆ ನಾಲ್ವರವರೆಗೆ ನಾಮಿನಿ ಇಡಬಹುದು. ನಿಮ್ಮ ಖಾತೆಗೆ ಒಬ್ಬರಾದರೂ ಇದ್ದಾರೆಯೇ ಎಂದು ಪಾಸ್‌ಬುಕ್‌ನಲ್ಲೋ ಬ್ಯಾಂಕಿನ ಆ್ಯಪ್‌ನಲ್ಲೋ ನೋಡಿಕೊಳ್ಳಿ.